ದಾರಿ ತಪ್ಪಿದ ಗಾಳಿ

ಎದೆನೋವು ಎಂದು ಬಂದವರ ಕುತ್ತಿಗೆಯನ್ನೂ ಒಮ್ಮೆ ಮುಟ್ಟಿ ನೋಡಬೇಕು. ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊಸದಾಗಿ ಸೇರುವ ಕಿರಿಯ ವೈದ್ಯರಿಗೆ ನಾನು ಮತ್ತೆ ಮತ್ತೆ ಹೇಳುವ ಮಾತಿದು. ಇಸಿಜಿ ತೆಗೆಯುತ್ತಾರೆ, ಬಿಪಿ ನೋಡುತ್ತಾರೆ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುತ್ತಾರೆ, ಸ್ಟೆತಸ್ಕೋಪ್ ಇಟ್ಟು ಎದೆ ಕೇಳುತ್ತಾರೆ. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಎರಡು ಬೆರಳಿಟ್ಟು ಮೆಲ್ಲಗೆ ಅದುಮಿ ನೋಡುವವರು ಕಡಿಮೆ. ಹಾಗೆ ಅದುಮಿದಾಗ ತೆಳುಬಟ್ಟೆಯಲ್ಲಿ ಕಟ್ಟಿದ ಮಂಡಕ್ಕಿಯನ್ನು ಒತ್ತಿದಂತೆ ಚರ್ಮದಡಿ ಚರಚರ ಎಂದರೆ ಅಲ್ಲಿ ಗಾಳಿ ಸೇರಿಕೊಂಡಿದೆ. ಈ ಪರೀಕ್ಷೆಗೆ ಯಂತ್ರ ಬೇಡ, ಬಿಲ್ಲೂ ಆಗುವುದಿಲ್ಲ. ಆದರೆ ರೋಗಿಯ ಜೀವ ಉಳಿಸುವ ಸುಳಿವು ಕೆಲವೊಮ್ಮೆ ಅಲ್ಲೇ ಸಿಗುತ್ತದೆ.

ಎರಡು ಶ್ವಾಸಕೋಶಗಳ ನಡುವೆ, ಎದೆಮೂಳೆಯ ಹಿಂದೆ, ಬೆನ್ನುಮೂಳೆಯ ಮುಂದೆ ಒಂದು ಜಾಗವಿದೆ. ಹೃದಯ, ಅದರಿಂದ ಹೊರಡುವ ದೊಡ್ಡ ರಕ್ತನಾಳಗಳು, ಶ್ವಾಸನಾಳ, ಅನ್ನನಾಳ ಎಲ್ಲವೂ ಅಲ್ಲಿ ಒತ್ತಾಗಿ ಕೂತಿವೆ. ವೈದ್ಯರು ಅದನ್ನು ಮೀಡಿಯಾಸ್ಟೈನಮ್ ಎನ್ನುತ್ತಾರೆ. ಶ್ವಾಸನಾಳದ ಒಳಗೆ ಗಾಳಿ ಓಡಾಡುತ್ತದೆ, ಅನ್ನನಾಳದಲ್ಲೂ ಊಟದ ಜೊತೆ ಒಂದಿಷ್ಟು ಗಾಳಿ ಹೋಗುತ್ತದೆ. ಆದರೆ ಈ ಕೊಳವೆಗಳ ಹೊರಗೆ, ಅಂಗಗಳ ಸಂದಿನಲ್ಲಿ ಗಾಳಿ ಇರಕೂಡದು. ಇದ್ದರೆ ಅದೇ ನ್ಯುಮೋಮೀಡಿಯಾಸ್ಟೈನಮ್. ಹೆಸರು ಉದ್ದ, ಕಾಯಿಲೆ ಅಪರೂಪ. ಅಪರೂಪವೆಂದೇ ಅದು ಕಣ್ತಪ್ಪುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಇನ್ನೊಂದು ಎಡವಟ್ಟು ಶುರುವಾಗುತ್ತದೆ: ಸುಮ್ಮನೆ ಮಲಗಿಸಿದರೆ ವಾಸಿಯಾಗುವವರಿಗೂ ಇಲ್ಲದ ತಪಾಸಣೆಗಳನ್ನೆಲ್ಲ ಮಾಡಿ ಹೆದರಿಸುವುದು.

ಗಾಳಿ ಅಲ್ಲಿಗೆ ಹೋಗುವುದಾದರೂ ಹೇಗೆ? ಇದಕ್ಕೆ ಒಪ್ಪುವಂಥ ಉತ್ತರ ಕೊಟ್ಟವರು ಗಂಡ ಹೆಂಡತಿ ಇಬ್ಬರು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಲಂಡನ್ ಊರಿನಲ್ಲಿ ಪಾಠ ಮಾಡುತ್ತಿದ್ದ ಚಾರ್ಲ್ಸ್ ಮ್ಯಾಕ್ಲಿನ್ ಮತ್ತು ಮ್ಯಾಜ್ ಮ್ಯಾಕ್ಲಿನ್. ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳ ಆಧಾರದಲ್ಲಿ ಅವರು 1944ರಲ್ಲಿ ದೊಡ್ಡ ಪ್ರಬಂಧವೊಂದನ್ನು ಪ್ರಕಟಿಸಿದರು. ಶ್ವಾಸಕೋಶದೊಳಗೆ ಉಸಿರುಕೊಳವೆಗಳ ತುದಿಯಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಿವೆ. ಜೋರಾಗಿ ಕೆಮ್ಮಿದಾಗ, ಉಸಿರು ಬಿಗಿಹಿಡಿದು ತಿಣುಕಿದಾಗ ಅವುಗಳೊಳಗಿನ ಒತ್ತಡ ಒಮ್ಮೆಲೇ ಏರಿ, ರಕ್ತನಾಳಕ್ಕೆ ಅಂಟಿಕೊಂಡ ಕಡೆ ಕೆಲವು ಗೂಡುಗಳು ಬಿರಿಯುತ್ತವೆ. ಹೊರಬಿದ್ದ ಗಾಳಿ ರಕ್ತನಾಳ ಮತ್ತು ಉಸಿರುಕೊಳವೆಗಳ ಸುತ್ತ ಇರುವ ಸಡಿಲ ಹೊದಿಕೆಯೊಳಗೆ ನುಸುಳಿ, ಒತ್ತಡ ಕಡಿಮೆ ಇರುವ ಕಡೆಗೆ, ಅಂದರೆ ಎದೆಯ ನಡುವಿಗೆ ಹರಿದು ಬರುತ್ತದೆ. ಅಲ್ಲಿಂದ ಮೇಲಕ್ಕೆ ದಾರಿ ತೆರೆದೇ ಇದೆ. ಕುತ್ತಿಗೆಯ ಪದರಗಳಲ್ಲಿ ಏರಿ ಚರ್ಮದಡಿ ಹರಡುತ್ತದೆ.

ಕುತ್ತಿಗೆ ಊದಿಕೊಂಡದ್ದನ್ನು ಕಂಡು ಮನೆಯವರು ಗಾಬರಿಯಾಗುವುದು ಸಹಜ. ಮುಖ, ಕಣ್ಣಿನ ರೆಪ್ಪೆಯವರೆಗೂ ಬಾತುಕೊಂಡರಂತೂ ಕೇಳುವುದೇ ಬೇಡ. ಆದರೆ ಒಂದು ರೀತಿಯಲ್ಲಿ ಅದು ದೇಹ ತಾನೇ ಮಾಡಿಕೊಂಡ ಉಪಾಯ. ಗಾಳಿ ಕುತ್ತಿಗೆಗೆ ಜಾರಿಹೋಗುವುದರಿಂದಲೇ ಹೃದಯದ ಸುತ್ತ ಒತ್ತಡ ಕಟ್ಟಿಕೊಳ್ಳುವುದಿಲ್ಲ. ನೋಡಲು ಭಯ ಹುಟ್ಟಿಸುವ ಆ ಬಾವು ತಾನಾಗಿ ಪ್ರಾಣಕ್ಕೆ ಕುತ್ತು ತರುವುದು ಬಹಳ ವಿರಳ.

ಸಾಮಾನ್ಯವಾಗಿ ಹೀಗೆ ಬರುವವರು ಸಪೂರ ಮೈಕಟ್ಟಿನ ಹರೆಯದ ಹುಡುಗರು. ಅಸ್ತಮಾ ಇರುವವರು, ವಾರಗಟ್ಟಲೆ ಕೆಮ್ಮಿದವರು, ಬೀಡಿಯನ್ನೋ ಗಾಂಜಾವನ್ನೋ ಜೋರಾಗಿ ಎಳೆದು ಉಸಿರು ಬಿಗಿಹಿಡಿದವರು, ಜಿಮ್‌ನಲ್ಲಿ ಶಕ್ತಿ ಮೀರಿ ಭಾರ ಎತ್ತಿದವರು. ಹೆರಿಗೆಯ ವೇಳೆ ಗಂಟೆಗಟ್ಟಲೆ ತಿಣುಕಿದ ಬಾಣಂತಿಯಲ್ಲೂ ಇದು ಕಾಣಿಸಿಕೊಳ್ಳುತ್ತದೆ. ಮಗುವಿನ ಮುಖ ನೋಡುವ ಹೊತ್ತಿಗೆ ತಾಯಿಯ ಮುಖವೇ ಊದಿಕೊಂಡಿರುತ್ತದೆ. ಸಕ್ಕರೆ ಕಾಯಿಲೆಯ ಮಕ್ಕಳು ಇನ್ಸುಲಿನ್ ತಪ್ಪಿಸಿ ರಕ್ತದಲ್ಲಿ ಆಮ್ಲ ಏರಿದಾಗ ಏದುಸಿರು ಬಿಡುತ್ತಾರೆ, ಜೊತೆಗೆ ವಾಂತಿ ಮಾಡುತ್ತಾರೆ. ಅವರಲ್ಲೂ ಇದನ್ನು ಕಾಣುತ್ತೇವೆ. ಬುದ್ಧಿಹಲ್ಲು ಕೀಳುವಾಗ ಹಲ್ಲಿನ ವೈದ್ಯರು ಬಳಸುವ ಗಾಳಿಚಾಲಿತ ಡ್ರಿಲ್‌ನಿಂದಲೂ ದವಡೆಯ ಸಂದಿಯಲ್ಲಿ ಗಾಳಿ ನುಗ್ಗಿ ಕುತ್ತಿಗೆಯ ಮೂಲಕ ಎದೆಗೆ ಇಳಿದದ್ದುಂಟು.

ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡುವವರು ತಿಳಿದಿರಬೇಕಾದ ಸಂಗತಿಯೊಂದಿದೆ. ಸಮುದ್ರದಲ್ಲಿ 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟಿರುತ್ತದೆ. ಅಲ್ಲಿ ಸಿಲಿಂಡರಿನಿಂದ ತುಂಬು ಉಸಿರು ಎಳೆದುಕೊಂಡು, ಗಾಬರಿಯಲ್ಲಿ ಬಾಯಿ ಮುಚ್ಚಿಕೊಂಡೇ ಮೇಲೆ ಬಂದರೆ, ಒಳಗಿನ ಗಾಳಿ ಹಿಗ್ಗಿ ಎರಡರಷ್ಟಾಗಲು ನೋಡುತ್ತದೆ. ಶ್ವಾಸಕೋಶಕ್ಕೆ ಅಷ್ಟು ಹಿಗ್ಗಲು ಆಗದು. ನೀರಿನಡಿ ಉಸಿರು ಕಟ್ಟಬೇಡಿ ಎಂದು ತರಬೇತುದಾರರು ಮೊದಲ ಪಾಠದಲ್ಲೇ ಹೇಳುವುದು ಇದಕ್ಕಾಗಿಯೇ. ಮೇಲೆ ಬಂದ ಮೇಲೆ ಎದೆನೋವು, ಧ್ವನಿ ಬದಲಾವಣೆ, ಕುತ್ತಿಗೆಯಲ್ಲಿ ಚರಚರ ಕಂಡರೆ ತಡಮಾಡದೆ ಆಸ್ಪತ್ರೆಗೆ ಬರಬೇಕು. ಕೈಕಾಲು ಸ್ವಾಧೀನ ತಪ್ಪಿದರೆ, ಮಾತು ತೊದಲಿದರೆ ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಿರಬಹುದು. ಅದು ಇನ್ನೂ ದೊಡ್ಡ ತುರ್ತು.

ಲಕ್ಷಣಗಳಿಗೆ ಬರೋಣ. ಎದೆಮೂಳೆಯ ಹಿಂದೆ ಚುಚ್ಚುವ ನೋವು. ಉಸಿರೆಳೆದರೆ, ಅಂಗಾತ ಮಲಗಿದರೆ ಅದು ಹೆಚ್ಚುತ್ತದೆ. ಕುತ್ತಿಗೆಗೂ ಭುಜಕ್ಕೂ ಹರಿಯುತ್ತದೆ. ನುಂಗುವಾಗ ಗಂಟಲಲ್ಲಿ ನೋವು. ಮಾತು ಮೂಗಿನಲ್ಲಿ ಬಂದಂತಾಗುತ್ತದೆ, ಮನೆಯವರು ಶೀತ ಎಂದುಕೊಳ್ಳುತ್ತಾರೆ. ಕುತ್ತಿಗೆ ಬಾತರೆ ಅಲರ್ಜಿ ಎಂದು ಭಾವಿಸಿ ಅವಿಲ್, ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಕಳಿಸುವುದೂ ನಡೆಯುತ್ತದೆ. ಅಲರ್ಜಿಯ ಬಾವು ಮೆತ್ತಗಿರುತ್ತದೆ, ಒತ್ತಿದರೆ ಸದ್ದು ಮಾಡುವುದಿಲ್ಲ. ಗಾಳಿಯ ಬಾವು ಸದ್ದು ಮಾಡುತ್ತದೆ.

ಹೃದಯದ ಬಳಿಯೂ ಒಂದು ಸದ್ದಿದೆ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲೂಯಿಸ್ ಹ್ಯಾಮನ್ 1939ರಲ್ಲಿ ಇದನ್ನು ವಿವರವಾಗಿ ಬರೆದರು. ಹೃದಯದ ಒಂದೊಂದು ಬಡಿತಕ್ಕೂ ಎದೆಯ ಎಡಭಾಗದಲ್ಲಿ ಕರಕರ ಎಂಬ ಸದ್ದು ಕೇಳುತ್ತದೆ, ಎಡಮಗ್ಗುಲಿಗೆ ಮಲಗಿಸಿದರೆ ಇನ್ನೂ ಚೆನ್ನಾಗಿ ಕೇಳುತ್ತದೆ. ಯಾವ ಪೆಟ್ಟೂ ಇಲ್ಲದೆ ತಾನಾಗಿಯೇ ಆಗುವ ನ್ಯುಮೋಮೀಡಿಯಾಸ್ಟೈನಮ್‌ಗೆ ಇಂದಿಗೂ ಅವರ ಹೆಸರಿದೆ. ಆ ಸದ್ದು ಎಲ್ಲ ರೋಗಿಗಳಲ್ಲಿ ಸಿಗುವುದಿಲ್ಲ. ಗಲಾಟೆ ತುಂಬಿದ ಕ್ಯಾಶುವಾಲ್ಟಿಯಲ್ಲಿ ಇದ್ದರೂ ಕೇಳಿಸದು. ಹಾಗಾಗಿ ನಾನು ಕಿವಿಗಿಂತ ಬೆರಳನ್ನೇ ಹೆಚ್ಚು ನಂಬುತ್ತೇನೆ.

ಇಷ್ಟನ್ನು ಗುರುತಿಸಿದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಎದೆಯೊಳಗೆ ಗಾಳಿ ಇದೆ ಎಂಬುದು ಕಾಯಿಲೆಯ ಹೆಸರಲ್ಲ, ಅದೊಂದು ಗುರುತು. ಗಾಳಿ ಎಲ್ಲಿಂದ ಬಂತು? ಎಲ್ಲವೂ ಈ ಪ್ರಶ್ನೆಯ ಮೇಲೆ ನಿಂತಿದೆ. ಬಿರಿದ ಗಾಳಿಗೂಡಿನಿಂದ ಬಂದಿದ್ದರೆ ಹೆಚ್ಚುಪಾಲು ಜನ ಎರಡು ದಿನದಲ್ಲಿ ನಗುತ್ತಾ ಮನೆಗೆ ಹೋಗುತ್ತಾರೆ. ಹರಿದ ಅನ್ನನಾಳದಿಂದ ಬಂದಿದ್ದರೆ ಅದೇ ಎರಡು ದಿನದಲ್ಲಿ ಸಾವು ಎದುರು ನಿಂತಿರುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣಬಹುದು. ಬೇರ್ಪಡಿಸುವುದು ರೋಗಿ ಹೇಳುವ ಕಥೆ.

ಹರಿದ ಅನ್ನನಾಳದ ಕಥೆಯನ್ನು ಮೊದಲು ಬರೆದಿಟ್ಟವರು ನೆದರ್‌ಲೆಂಡ್ಸಿನ ಲೈಡನ್ ನಗರದ ಹೆಸರಾಂತ ವೈದ್ಯ ಹರ್ಮನ್ ಬೂರ್‌ಹಾವ. 1723ರ ಅಕ್ಟೋಬರ್‌ನಲ್ಲಿ ಡಚ್ ನೌಕಾಪಡೆಯ ಅಡ್ಮಿರಲ್ ಬ್ಯಾರನ್ ವಾನ್ ವಾಸೆನಾರ್ ಅವರ ಮನೆಯಿಂದ ಕರೆ ಬಂತು. ಬ್ಯಾರನ್ನರಿಗೆ ಗಡದ್ದಾಗಿ ಉಂಡು, ಆಮೇಲೆ ಹೊಟ್ಟೆ ಭಾರವಾಯಿತೆಂದು ವಾಂತಿ ಬರಿಸುವ ಔಷಧಿ ಕುಡಿಯುವ ಅಭ್ಯಾಸವಿತ್ತು. ಅವತ್ತೂ ಹಾಗೆಯೇ ಬಲವಂತವಾಗಿ ವಾಂತಿಗೆ ತಿಣುಕುತ್ತಿದ್ದಾಗ ಒಳಗೇನೋ ಕಿತ್ತುಹೋದಂತಾಗಿ ಚೀರಿದರು. ಸಹಿಸಲಾಗದ ನೋವು. ಬೂರ್‌ಹಾವ ತನಗೆ ತಿಳಿದದ್ದನ್ನೆಲ್ಲ ಮಾಡಿದರೂ ಒಂದು ದಿನ ಕಳೆಯುವಷ್ಟರಲ್ಲಿ ರೋಗಿ ತೀರಿಕೊಂಡರು. ಶವಪರೀಕ್ಷೆಯನ್ನೂ ಅವರೇ ಮಾಡಿದರು. ಎದೆಗೂಡು ತೆರೆದಾಗ ಬ್ಯಾರನ್ ತಿಂದಿದ್ದ ಹುರಿದ ಬಾತುಕೋಳಿಯ ವಾಸನೆ ಹೊಡೆಯಿತು. ಹೊಟ್ಟೆಯಲ್ಲಿರಬೇಕಾದದ್ದು ಎದೆಯಲ್ಲಿತ್ತು. ಅನ್ನನಾಳ ಪೂರ್ತಿ ಹರಿದಿತ್ತು. 1724ರಲ್ಲಿ ಅವರು ಈ ಪ್ರಕರಣವನ್ನು ಪುಸ್ತಕವಾಗಿ ಪ್ರಕಟಿಸಿದರು. ಗಂಟೆಗಂಟೆಯ ವಿವರ ಬರೆದ, ತನ್ನ ಕೈಯಲ್ಲೇ ತೀರಿಕೊಂಡ ರೋಗಿಯನ್ನು ಮುಚ್ಚುಮರೆಯಿಲ್ಲದೆ ಲೋಕದ ಮುಂದಿಟ್ಟ ಆ ವೈದ್ಯರ ಬಗ್ಗೆ ನನಗೆ ಅಪಾರ ಗೌರವವಿದೆ.

ಹರಿದ ಅನ್ನನಾಳವನ್ನು ಹೊಲಿದು ರೋಗಿಯನ್ನು ಉಳಿಸಿದ ಮೊದಲ ವರದಿಗಳು ಬಂದದ್ದು ಅದಾದ ಎರಡು ಶತಮಾನಗಳ ಬಳಿಕ. ಲಂಡನ್ನಿನ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ 1947ರಲ್ಲಿ ಪ್ರಕಟಿಸಿದ್ದು ಅವುಗಳಲ್ಲೊಂದು. ಇಂದು ಉಳಿಸುವ ದಾರಿಗಳು ಬೇಕಾದಷ್ಟಿವೆ. ಆದರೂ ರೋಗಿಗಳು ಸಾಯುತ್ತಿದ್ದಾರೆ, ಮುಖ್ಯ ಕಾರಣ ತಡವಾಗುವುದು. ಹರಿದ ಜಾಗದಿಂದ ಎಂಜಲು, ಆಹಾರ, ಹೊಟ್ಟೆಯ ಆಮ್ಲ, ಬಾಯಿಯ ಬ್ಯಾಕ್ಟೀರಿಯಾ ಎಲ್ಲ ಹೃದಯದ ಪಕ್ಕಕ್ಕೆ ಸೋರುತ್ತವೆ. ಮೊದಲ 24 ಗಂಟೆಯೊಳಗೆ ಚಿಕಿತ್ಸೆ ಆರಂಭಿಸಿದರೆ ಬದುಕುವ ಸಾಧ್ಯತೆ ಎಷ್ಟೋ ಹೆಚ್ಚು. ಆಮೇಲೆ ಪ್ರತಿ ಗಂಟೆಗೂ ಕೀವು ಕಟ್ಟುತ್ತದೆ, ನಂಜು ಏರುತ್ತದೆ.

ನಮ್ಮಲ್ಲಿ ಆ ಗಂಟೆಗಳು ಹೋಗುವುದು ಎಲ್ಲಿ? ಬಹುಪಾಲು ‘ಗ್ಯಾಸ್ಟ್ರಿಕ್’ ಎಂಬ ಒಂದೇ ಪದದಲ್ಲಿ. ಮದುವೆ ಮನೆಯ ಊಟವಾಗಲಿ, ರಾತ್ರಿಯ ಕುಡಿತವಾಗಲಿ, ಆಮೇಲೆ ನಾಲ್ಕು ಸಲ ಜೋರು ವಾಂತಿ, ಕೂಡಲೇ ಎದೆ ಹಿಡಿದುಕೊಂಡು ಒದ್ದಾಟ. ಮೊದಲು ಸೋಡಾ ಕುಡಿಸುತ್ತಾರೆ, ತೇಗು ಬಂದರೆ ಸರಿಹೋಗುತ್ತದೆ ಎನ್ನುತ್ತಾರೆ. ಮೆಡಿಕಲ್ ಶಾಪಿನಿಂದ ಮಾತ್ರೆ, ಸಿರಪ್. ಬೆಳಿಗ್ಗೆ ಪಕ್ಕದ ಕ್ಲಿನಿಕ್ಕಿನಲ್ಲಿ ಆಮ್ಲ ತಗ್ಗಿಸುವ ಇಂಜೆಕ್ಷನ್. ಅನ್ನನಾಳ ಹರಿದಿದ್ದರೆ ಕುಡಿಸಿದ ಪ್ರತಿ ಗುಟುಕೂ ಎದೆಗೂಡಿಗೇ ಸೇರುತ್ತಿರುತ್ತದೆ. ಆಸ್ಪತ್ರೆಗೆ ಬಂದ ಮೇಲೂ ದಾರಿ ತಪ್ಪುವುದಕ್ಕೆ ಅವಕಾಶಗಳಿವೆ. ಹೃದಯಾಘಾತವೆಂದು ಭಾವಿಸಿ ರಕ್ತ ತೆಳುವಾಗಿಸುವ ಔಷಧಿ ಶುರುಮಾಡುವುದು, ಮೇದೋಜ್ಜೀರಕ ಗ್ರಂಥಿಯ ಉರಿಯೂತವೆಂದು ಹೊಟ್ಟೆಯನ್ನಷ್ಟೇ ಸ್ಕ್ಯಾನ್ ಮಾಡುವುದು. ಎದೆಯೊಳಗಿನ ಗಾಳಿಯಿಂದ ಇಸಿಜಿಯಲ್ಲೂ ಸಣ್ಣಪುಟ್ಟ ಬದಲಾವಣೆ ಕಾಣುವುದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ತೀರಾ ಸರಳ.

“ಮೊದಲು ವಾಂತಿ ಆಯ್ತಾ, ಇಲ್ಲ ಮೊದಲು ಎದೆನೋವು ಬಂತಾ?”

“ವಾಂತಿನೇ ಮೊದಲು ಸಾರ್. ಮೂರನೇ ಸಲ ವಾಂತಿ ಆದಾಗ ಅಯ್ಯೋ ಅಂತ ಎದೆ ಹಿಡ್ಕೊಂಡ್ರು.”

ಈ ಉತ್ತರ ಬಂದರೆ, ಬೇರೆ ಕಾರಣ ಖಚಿತವಾಗುವವರೆಗೆ ಅನ್ನನಾಳ ಹರಿದಿದೆ ಎಂದೇ ಹಿಡಿದು ನಡೆಯಬೇಕು. ಹೃದಯಾಘಾತದಲ್ಲಿ ಸಾಮಾನ್ಯವಾಗಿ ನೋವು ಮೊದಲು, ವಾಂತಿ ಆಮೇಲೆ. ವಾಂತಿ, ಎದೆನೋವು, ಕುತ್ತಿಗೆಯಲ್ಲಿ ಗಾಳಿ ಈ ಮೂರೂ ಒಟ್ಟಿಗಿದ್ದರೆ ಅನುಮಾನವೇ ಬೇಡ ಎಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಎಷ್ಟೋ ರೋಗಿಗಳಲ್ಲಿ ಮೂರೂ ಒಟ್ಟಿಗೆ ಸಿಗುವುದಿಲ್ಲ. ಕುತ್ತಿಗೆಯ ಗಾಳಿ ಕಾಣಿಸಿಕೊಳ್ಳಲು ಕೆಲವು ಗಂಟೆ ಬೇಕಾಗಬಹುದು. ಮೂರನೆಯದಕ್ಕೆ ಕಾಯುತ್ತ ಕೂರುವುದು ತಪ್ಪು. ಇತ್ತೀಚೆಗೆ ಎಂಡೋಸ್ಕೋಪಿ ಮಾಡಿಸಿದ್ದೀರಾ, ಮೀನಿನ ಮುಳ್ಳೋ ಮಾಂಸದ ಮೂಳೆಯೋ ಸಿಕ್ಕಿಕೊಂಡಿತ್ತಾ ಎಂದೂ ಕೇಳಬೇಕು. ಅನ್ನನಾಳಕ್ಕೆ ತೂತು ಬೀಳುವ ಪ್ರಕರಣಗಳಲ್ಲಿ ಎಂಡೋಸ್ಕೋಪಿಯಂಥ ವೈದ್ಯಕೀಯ ಕ್ರಿಯೆಗಳ ವೇಳೆ ಆಗುವುದೇ ಹೆಚ್ಚು.

ಎಕ್ಸ್‌ರೇ ಬಗ್ಗೆ ನಾಲ್ಕು ಮಾತು. ಹೃದಯದ ಎಡ ಅಂಚಿಗೆ ಸಮನಾಗಿ ಒಂದು ತೆಳುವಾದ ಬಿಳಿಗೆರೆ, ಗೆರೆಗೂ ಹೃದಯಕ್ಕೂ ನಡುವೆ ಕಪ್ಪು ಪಟ್ಟಿ ಕಾಣುತ್ತದೆ. ಮಾಮೂಲಿ ಫಿಲ್ಮಿನಲ್ಲಿ ಹೃದಯದ ಹಿಂದೆ ಮರೆಯಾಗುವ ವಪೆ, ಗಾಳಿ ಸೇರಿದಾಗ ಎಡದಿಂದ ಬಲದವರೆಗೆ ಒಂದೇ ಗೆರೆಯಾಗಿ ಕಾಣಿಸುತ್ತದೆ. ಕುತ್ತಿಗೆಯ ಮೃದು ಭಾಗದಲ್ಲಿ ಕಪ್ಪು ಗೀಟುಗಳಿರುತ್ತವೆ. ಫಿಲ್ಮ್ ನೋಡುವಾಗ ಶ್ವಾಸಕೋಶದ ಮೇಲಷ್ಟೇ ಕಣ್ಣಿಟ್ಟು ಮೇಲಿನ ಅಂಚನ್ನು ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಕುತ್ತಿಗೆ ಸೇರುವಂತೆ ಫಿಲ್ಮ್ ತೆಗೆಸಿ, ಪಕ್ಕದಿಂದಲೂ ಒಂದು ತೆಗೆಸಿ ಎಂದು ತಂತ್ರಜ್ಞರಿಗೆ ಹೇಳಬೇಕು. ಅಷ್ಟಾದರೂ ಎಕ್ಸ್‌ರೇಯಲ್ಲಿ ಏನೂ ಕಾಣದೆ ಸಿಟಿ ಸ್ಕ್ಯಾನಿನಲ್ಲಿ ಮಾತ್ರ ಸಿಗುವ ಪ್ರಕರಣಗಳಿವೆ. ಎಡಗಡೆ ಶ್ವಾಸಕೋಶದ ಸುತ್ತ ನೀರು ಕಂಡರೆ ಎಚ್ಚರವಾಗಬೇಕು, ಏಕೆಂದರೆ ವಾಂತಿಯಿಂದ ಅನ್ನನಾಳ ಹರಿಯುವುದು ಸಾಮಾನ್ಯವಾಗಿ ಅದರ ಕೆಳತುದಿಯ ಎಡಭಾಗದಲ್ಲಿ. ಅನುಮಾನ ಗಟ್ಟಿಯಿದ್ದರೆ ನೀರಿನಲ್ಲಿ ಕರಗುವ ಬಣ್ಣದ ಔಷಧಿ ಕುಡಿಸಿ ಸಿಟಿ ಮಾಡುತ್ತಾರೆ. ಬಣ್ಣ ಹೊರಗೆ ಸೋರಿದರೆ ತೂತು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಎಲ್ಲರಿಗೂ ಇಷ್ಟೆಲ್ಲ ಬೇಡ, ಇದನ್ನು ಒತ್ತಿ ಹೇಳಲೇಬೇಕು. ಇಪ್ಪತ್ತರ ಹುಡುಗ, ಅಸ್ತಮಾ ಕೆರಳಿ ಕೆಮ್ಮಿದ್ದಾನೆ, ವಾಂತಿಯಾಗಿಲ್ಲ, ಜ್ವರವಿಲ್ಲ, ನಾಡಿ ಮತ್ತು ಬಿಪಿ ಸರಿಯಿದೆ, ಸಲೀಸಾಗಿ ನುಂಗುತ್ತಾನೆ, ಶ್ವಾಸಕೋಶದ ಸುತ್ತ ನೀರಿಲ್ಲ. ಇವನಿಗೆ ಬಣ್ಣ ಕುಡಿಸುವ ಪರೀಕ್ಷೆಯೂ ಬೇಡ, ಎಂಡೋಸ್ಕೋಪಿಯೂ ಬೇಡ, ಆ್ಯಂಟಿಬಯಾಟಿಕ್ಕೂ ಬೇಡ. ವಿಶ್ರಾಂತಿ, ನೋವಿನ ಔಷಧಿ, ಅಸ್ತಮಾಕ್ಕೆ ಸರಿಯಾದ ನೆಬ್ಯುಲೈಸೇಷನ್, ಕೆಮ್ಮು ಹತೋಟಿಗೆ ತರುವುದು, ಒಂದು ದಿನ ಕಣ್ಣಿಟ್ಟು ನೋಡುವುದು. ಇಷ್ಟು ಸಾಕು. ಬಿಳಿ ರಕ್ತಕಣ ಸ್ವಲ್ಪ ಏರಿದೆ ಎಂಬ ಒಂದೇ ಕಾರಣಕ್ಕೆ ಬೆಚ್ಚಬೇಕಿಲ್ಲ. ಗಾಳಿಗೂಡು ಬಿರಿದವರಲ್ಲೂ ಅದು ತುಸು ಏರುತ್ತದೆ.

ಕೆಲವರಿಗೆ ಆಮ್ಲಜನಕವನ್ನೂ ಕೊಡುತ್ತೇವೆ, ಅದಕ್ಕೆ ಒಂದು ಜಾಣ ಕಾರಣವಿದೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕ. ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿಯಲ್ಲೂ ಹೆಚ್ಚಿರುವುದು ಅದೇ. ಮಾಸ್ಕಿನಲ್ಲಿ ಹೆಚ್ಚು ಆಮ್ಲಜನಕ ಕೊಟ್ಟಾಗ ರಕ್ತದಲ್ಲಿರುವ ಸಾರಜನಕ ತಗ್ಗುತ್ತದೆ. ಆಗ ಸಂದಿಯ ಸಾರಜನಕ ರಕ್ತಕ್ಕೆ ಬೇಗ ಇಳಿದು ಉಸಿರಿನಲ್ಲಿ ಹೊರಹೋಗುತ್ತದೆ, ಬಾವು ಬೇಗ ಇಳಿಯುತ್ತದೆ. ಕಾಯಿಲೆ ಲಘುವಾಗಿದ್ದರೆ ಇದೂ ಕಡ್ಡಾಯವಲ್ಲ.

ಆದರೆ ಆಮ್ಲಜನಕವೇ ಕೇಡಾಗುವ ಒಂದು ಸಂದರ್ಭವಿದೆ. ಅದು ನಮ್ಮ ಹೊಲಗದ್ದೆಗಳಿಗೆ ಹತ್ತಿರದ್ದು. ಪ್ಯಾರಾಕ್ವಾಟ್ ಎಂಬ ಕಳೆನಾಶಕ ನಮ್ಮ ಹಳ್ಳಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಮನಸ್ಸು ಕೆಟ್ಟ ಗಳಿಗೆಯಲ್ಲಿ ಕೈಗೆಟುಕುತ್ತದೆ. ಕುಡಿದವರ ನಾಲಿಗೆ, ಗಂಟಲು, ಅನ್ನನಾಳ ಸುಟ್ಟು ಹುಣ್ಣಾಗುತ್ತದೆ. ವಿಷ ಶ್ವಾಸಕೋಶದಲ್ಲಿ ಹೋಗಿ ಸೇರಿಕೊಂಡು, ಅಲ್ಲಿನ ಆಮ್ಲಜನಕವನ್ನೇ ಬಳಸಿಕೊಂಡು ಜೀವಕೋಶಗಳನ್ನು ಸುಡುತ್ತದೆ. ಹಾಗಾಗಿ ಸ್ಯಾಚುರೇಷನ್ ತೀರಾ ಇಳಿಯದ ಹೊರತು ಇವರಿಗೆ ಮಾಸ್ಕ್ ಹಾಕಬಾರದು. ವಿಷ ಕುಡಿದ ಕೆಲವು ದಿನಗಳಲ್ಲಿ ಎದೆಯೊಳಗೆ ಗಾಳಿ ಕಂಡರೆ ಅದು ಬಹಳ ಕೆಟ್ಟ ಸೂಚನೆ. ಪ್ರತಿವಿಷವಿಲ್ಲದ ಈ ದ್ರವವನ್ನು ಯಾರಿಗೆ ಬೇಕಾದರೂ ಅಂಗಡಿಯಲ್ಲಿ ಮಾರುವುದನ್ನು ಸರ್ಕಾರ ನಿಲ್ಲಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಎಷ್ಟು ಆಸ್ಪತ್ರೆ ಕಟ್ಟಿದರೂ ಇದರ ಮುಂದೆ ನಾವು ಕೈಕಟ್ಟಿ ನಿಲ್ಲುತ್ತೇವೆ.

ಅನ್ನನಾಳ ಹರಿದಿರುವ ಸಂಶಯವಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಬಹುದಾದ್ದು ಬಹಳಷ್ಟಿದೆ. ಬಾಯಿಗೆ ಏನೂ ಕೊಡಬಾರದು, ಒಂದು ಚಮಚ ನೀರನ್ನೂ. ಡ್ರಿಪ್ ಹಾಕಬೇಕು. ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಹಿಡಿದಿಡುವ ಆ್ಯಂಟಿಬಯಾಟಿಕ್‌ನ ಮೊದಲ ಡೋಸನ್ನು ಅಲ್ಲೇ ರಕ್ತನಾಳಕ್ಕೆ ಕೊಡಬೇಕು, ದೊಡ್ಡ ಆಸ್ಪತ್ರೆಯಲ್ಲಿ ಕೊಡುತ್ತಾರೆ ಎಂದು ಬಿಡಬಾರದು. ಆಮ್ಲ ತಗ್ಗಿಸುವ ಇಂಜೆಕ್ಷನ್, ನೋವಿಗೆ ಔಷಧಿ. ಮೂಗಿನಿಂದ ಹೊಟ್ಟೆಗೆ ಕೊಳವೆಯನ್ನು ಕುರುಡಾಗಿ ತೂರಿಸಬಾರದು, ಹರಿದ ಜಾಗದಿಂದ ಅದು ಎದೆಗೆ ಹೋಗಬಹುದು. ಶ್ವಾಸಕೋಶ ಕುಸಿದು ಉಸಿರು ಕಟ್ಟುತ್ತಿದ್ದರೆ ಪಕ್ಕೆಯಲ್ಲಿ ಕೊಳವೆ ಹಾಕಿಯೇ ಆಂಬುಲೆನ್ಸಿಗೆ ಹತ್ತಿಸಬೇಕು. ಕಳಿಸುವ ಮುಂಚೆ ಫೋನ್ ಮಾಡಿ, ಎದೆಯ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ರೆಫರಲ್ ಚೀಟಿಯಲ್ಲಿ ‘ಎದೆನೋವು’ ಎಂದಷ್ಟೇ ಗೀಚದೆ, ‘ರಾತ್ರಿ 11ಕ್ಕೆ ವಾಂತಿ, ಕೂಡಲೇ ಎದೆನೋವು, ಅನ್ನನಾಳ ಹರಿದಿರುವ ಸಂಶಯ’ ಎಂದು ಬರೆದರೆ ಅಲ್ಲಿನ ಡ್ಯೂಟಿ ಡಾಕ್ಟರಿಗೆ ಎರಡು ಗಂಟೆ ಉಳಿಯುತ್ತದೆ.

ಪೆಟ್ಟುಬಿದ್ದವರ ವಿಷಯ ಬೇರೆ. ಬೈಕ್ ಅಪಘಾತದಲ್ಲಿ ಎದೆ ಜಜ್ಜಿದಾಗ ಶ್ವಾಸನಾಳ ಅಥವಾ ಅದರ ದೊಡ್ಡ ಕವಲು ಹರಿಯಬಹುದು. ಪಕ್ಕೆಗೆ ಕೊಳವೆ ಹಾಕಿದ ಮೇಲೂ ಅದಕ್ಕೆ ಜೋಡಿಸಿದ ಬಾಟಲಿಯಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಶ್ವಾಸಕೋಶ ಅರಳದಿದ್ದರೆ ಇದನ್ನು ನೆನೆಯಬೇಕು. ನಮ್ಮ ಕಡೆ ಕಾಣುವ ಇನ್ನೊಂದು ಗಾಯವಿದೆ. ಹಿಂದೆ ಕೂತ ಹೆಣ್ಣುಮಗಳ ವೇಲ್ ಬೈಕಿನ ಚಕ್ರಕ್ಕೆ ಸಿಕ್ಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕುತ್ತಿಗೆಗೆ ಬಿಗಿದುಕೊಳ್ಳುತ್ತದೆ. ಒಕ್ಕಣೆ ಯಂತ್ರಗಳಲ್ಲೂ ಹೀಗಾಗುತ್ತದೆ. ಹೊರಗೆ ಕಾಣುವುದು ತರಚಿದ ಒಂದು ಗೆರೆ ಮಾತ್ರ. ಒಳಗೆ ಧ್ವನಿಪೆಟ್ಟಿಗೆ ಒಡೆದಿರಬಹುದು, ಶ್ವಾಸನಾಳ ತುಂಡಾಗಿರಬಹುದು. ಧ್ವನಿ ಕರ್ಕಶವಾಗಿದ್ದು ಕುತ್ತಿಗೆ ಚರಚರ ಎನ್ನುತ್ತಿದ್ದರೆ ಅವಳನ್ನು ಬಲವಂತವಾಗಿ ಅಂಗಾತ ಮಲಗಿಸಬಾರದು. ಅನುಭವವಿಲ್ಲದವರು ಬಾಯಿಯಿಂದ ಟ್ಯೂಬ್ ಹಾಕಲು ಹೋದರೆ ಅದು ತುಂಡಾದ ಜಾಗದಿಂದ ಹೊರಗೆ ಜಾರಬಹುದು. ಅರಿವಳಿಕೆ ತಜ್ಞರೂ ಕಿವಿ-ಮೂಗು-ಗಂಟಲಿನ ಶಸ್ತ್ರಚಿಕಿತ್ಸಕರೂ ಬಂದು ಕ್ಯಾಮೆರಾ ಇರುವ ಕೊಳವೆಯಿಂದ ನೋಡುತ್ತ, ಇಲ್ಲವೇ ಕುತ್ತಿಗೆಯಲ್ಲೇ ದಾರಿ ಮಾಡಿ ಉಸಿರಾಟ ಭದ್ರಪಡಿಸಬೇಕು.

ಪುಟ್ಟ ಮಕ್ಕಳಲ್ಲಿ ಕಡಲೆಬೀಜ, ಹುಣಸೆಬೀಜ ಉಸಿರುನಾಳಕ್ಕೆ ಹೋಗಿ ಸಿಕ್ಕಿಕೊಂಡಾಗಲೂ ಎದೆಗೆ, ಕುತ್ತಿಗೆಗೆ ಗಾಳಿ ಹೊರಡುತ್ತದೆ. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿ, ಆಮೇಲೆ ಒಂದೇ ಕಡೆ ಸುಯ್ಯೆಂಬ ಸದ್ದು ಬರುತ್ತಿದ್ದರೆ ನೆಬ್ಯುಲೈಸರ್ ಹಾಕುತ್ತ ದಿನ ಕಳೆಯಬಾರದು. ಬೀಜವನ್ನು ಬ್ರಾಂಕೋಸ್ಕೋಪಿಯಿಂದ ತೆಗೆಯುವವರೆಗೆ ಮಗು ಹುಷಾರಾಗದು.

ಕೃತಕ ಉಸಿರಾಟದ ಯಂತ್ರಕ್ಕೂ ಈ ಗಾಳಿಗೂ ಹಳೆಯ ಹಗೆ. ಯಂತ್ರ ಗಾಳಿಯನ್ನು ಒಳಗೆ ನೂಕುತ್ತದೆ, ಬಿರಿದ ಜಾಗದಿಂದ ಅದು ಇನ್ನಷ್ಟು ಸೋರುತ್ತದೆ. ಆದ್ದರಿಂದ ಬೈಪ್ಯಾಪ್ ಮಾಸ್ಕ್ ಕಟ್ಟುವ ಮುನ್ನ ಎರಡು ಸಲ ಯೋಚಿಸಬೇಕು. ವೆಂಟಿಲೇಟರ್ ಬೇಕೇಬೇಕಾದರೆ ಪ್ರತಿ ಉಸಿರಿನ ಅಳತೆಯನ್ನು ಕಿರಿದಾಗಿಸಿ, ಒತ್ತಡವನ್ನು ಸಾಧ್ಯವಾದಷ್ಟು ತಗ್ಗಿಸಿ ನಡೆಸಬೇಕು. 2020 ಮತ್ತು 2021ರ ಕೋವಿಡ್ ಅಲೆಗಳಲ್ಲಿ ವೆಂಟಿಲೇಟರಿನಲ್ಲಿದ್ದವರಲ್ಲಿ ಮಾತ್ರವಲ್ಲ, ಮಾಸ್ಕಿನಲ್ಲಿ ಆಮ್ಲಜನಕ ತೆಗೆದುಕೊಳ್ಳುತ್ತಿದ್ದವರಲ್ಲೂ ಕುತ್ತಿಗೆ ಊದಿದ್ದನ್ನು ಐಸಿಯುಗಳಲ್ಲಿ ಕೆಲಸ ಮಾಡಿದವರೆಲ್ಲ ಕಂಡಿದ್ದಾರೆ. ವೈರಸ್ಸಿನಿಂದ ಶ್ವಾಸಕೋಶವೇ ಶಿಥಿಲವಾಗಿದ್ದಾಗ ಒಂದು ಕೆಮ್ಮಿಗೂ ಅದು ಬಿರಿಯುತ್ತಿತ್ತು.

ತೀರಾ ವಿರಳವಾಗಿ, ಹೆಚ್ಚಾಗಿ ವೆಂಟಿಲೇಟರಿನಲ್ಲಿರುವವರಲ್ಲಿ, ಗಾಳಿ ಕುತ್ತಿಗೆಗೆ ಜಾರದೆ ಎದೆಯ ನಡುವೆಯೇ ಬಿಗಿದುಕೊಳ್ಳುತ್ತದೆ. ಹೃದಯಕ್ಕೆ ಮರಳುವ ರಕ್ತನಾಳಗಳು ಅಪ್ಪಚ್ಚಿಯಾಗಿ ಬಿಪಿ ಬೀಳುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ. ಆಗ ಕಾಯುವಂತಿಲ್ಲ. ಶ್ವಾಸಕೋಶವೂ ಕುಸಿದಿದ್ದರೆ ಮೊದಲು ಅದರ ಗಾಳಿ ತೆಗೆಯಬೇಕು, ಯಂತ್ರದ ಒತ್ತಡ ಇಳಿಸಬೇಕು. ಎದೆಯ ನಡುವಿಗೆ ಕೊಳವೆ ಇಳಿಸಿಯೋ, ಕೊರಳೆಲುಬಿನ ಕೆಳಗೆ ಚರ್ಮದಲ್ಲಿ ಸಣ್ಣ ಸೀಳು ಮಾಡಿಯೋ ಗಾಳಿಗೆ ಹೊರದಾರಿ ಕೊಡುತ್ತಾರೆ.

ಗಾಳಿಗೂಡು ಬಿರಿದು ವಾಸಿಯಾದವರಿಗೆ ಮನೆಗೆ ಹೋದ ಮೇಲೆ ಕೆಲವು ವಾರ ಪಥ್ಯವಿದೆ. ಭಾರ ಎತ್ತಬಾರದು, ಬಲೂನು ಊದಬಾರದು, ಮಲಬದ್ಧತೆಯಿಂದ ತಿಣುಕದಂತೆ ನೋಡಿಕೊಳ್ಳಬೇಕು. ಗಾಳಿ ಪೂರ್ತಿ ಹೋಗುವವರೆಗೆ ವಿಮಾನ ಹತ್ತಬಾರದು, ಮೇಲೆ ಹೋದಂತೆ ಒಳಗೆ ಉಳಿದ ಗಾಳಿ ಹಿಗ್ಗುತ್ತದೆ. ಬೀಡಿ, ಸಿಗರೇಟು, ಗಾಂಜಾ ಬಿಡಲೇಬೇಕು. ಅಸ್ತಮಾ ಇದ್ದವರು ಇನ್ಹೇಲರನ್ನು ‘ಉಬ್ಬಸ ಬಂದಾಗ ನೋಡೋಣ’ ಎನ್ನದೆ ವೈದ್ಯರು ಹೇಳಿದಂತೆ ದಿನವೂ ತೆಗೆದುಕೊಳ್ಳಬೇಕು. ಇದು ಮರುಕಳಿಸುವುದು ಅಪರೂಪ, ಜೀವನವಿಡೀ ಹೆದರಿಕೊಂಡು ಬದುಕುವ ಕಾಯಿಲೆಯಲ್ಲ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಜೋರು ವಾಂತಿಯ ಬೆನ್ನಿಗೇ ತಡೆಯಲಾರದ ಎದೆನೋವು ಬಂದರೆ ಸೋಡಾ, ಮಾತ್ರೆ, ನೀರು ಏನನ್ನೂ ಕುಡಿಸಬೇಡಿ. ಕುತ್ತಿಗೆ ಊದಿರಲಿ, ಊದದಿರಲಿ, 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ: ವಾಂತಿ ಇಷ್ಟು ಗಂಟೆಗೆ ಆಯಿತು, ನೋವು ಆಮೇಲೆ ಬಂತು.